ಗಂಟೆ ಬಾರಿಸುವವರೆಗೆ

ಕಣ್ಣು ಬಿಡಬಾರದು. ತಂಗಿಯ ಕಾಲೇಜಿನ ಧ್ಯಾನದ ಗುಂಪಾದ ಅರಿವು ಬಳಗದಲ್ಲಿ ಇದ್ದದ್ದು ಅದೊಂದೇ ಕಟ್ಟಳೆ. ಬಳಗ ನಡೆಸುವ ಹುಡುಗ ಗುರು ಹಿತ್ತಾಳೆಯ ಪುಟ್ಟ ಗಂಟೆ ಬಾರಿಸಿದಾಗ ಕಣ್ಣು ಮುಚ್ಚಬೇಕು. ಅದನ್ನು ಮತ್ತೆ ಬಾರಿಸುವವರೆಗೆ ಉಸಿರನ್ನು ಗಮನಿಸುತ್ತ ಕೂರಬೇಕು. ಯೋಗರಾಜ್ ಒಂದು ಸಲವೂ ಆ ಕಟ್ಟಳೆ ಮುರಿದಿರಲಿಲ್ಲ. ಇವತ್ತು ಮುರಿಯಬೇಕೆಂದು ಭದ್ರಾವತಿಯಲ್ಲಿ ಬಸ್ಸು ಹತ್ತುವಾಗಲೇ ತೀರ್ಮಾನಿಸಿದ್ದ.

ಗಂಟೆ ಕೇಳಿಸಿತು. ಅವನು ಕಣ್ಣು ಮುಚ್ಚಿದ. ಗಾಜನೂರಿನ ಹಿನ್ನೀರಿನ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಎದುರಿಗೆ ತಂಗಿ ಸಮತಾ ಕೂತಿದ್ದಳು, ಅವಳ ಮಗ್ಗುಲಿಗೆ ಗುರು. ಇಬ್ಬರೂ ಓಡಿಹೋಗುವುದಾದರೆ ಈಗಲೇ.

ತಂಗಿಯ ಕಾವಲನ್ನು ಅವನಿಗೆ ಹಚ್ಚಿದ್ದು ಅಪ್ಪ. ಡಿಪ್ಲೊಮಾದಲ್ಲಿ ಎರಡು ಸಲ ನಪಾಸಾಗಿ ಮನೆ ಹಿಡಿದಿದ್ದವನನ್ನು ರಾಮಯ್ಯ ಒಂದು ಬೆಳಿಗ್ಗೆ, ಕಾರ್ಖಾನೆಯ ಪಾಳಿ ಮುಗಿಸಿ ಬಂದವನು, ಅಂಗಳಕ್ಕೆ ಕರೆದಿದ್ದ.

"ಸವಳಂಗ ರಸ್ತೇಲಿ ಯಾವನೋ ಹುಡುಗನ ಜೊತೆ ಸಮತಾನ ನೋಡಿದಾರಂತೆ. ಇನ್ಮೇಲೆ ಅವಳು ಹೋದಲ್ಲಿ ನೀನಿರ್ಬೇಕು. ಒಂದು ಗಳಿಗೇನೂ ಬಿಟ್ಟಿರ್ಬೇಡ. ಕೈತಪ್ಪಿ ಹೋದ್ಮೇಲೆ ಅತ್ತರೆ ಏನು ಬಂತು?"

ಹೇಳುವಾಗ ಅಪ್ಪನ ದನಿ ನಡುಗಿತ್ತು. ಮಾನಕ್ಕೆ ಇಷ್ಟು ಅಂಜುವವನೆಂದು ಯೋಗರಾಜನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅದೇ ವಾರ ಅವ್ವ ದ್ಯಾಮಮ್ಮ ಮನೆಯ ಚಿಲಕಗಳನ್ನೆಲ್ಲ ಬಿಚ್ಚಿಸಿದಳು, ಬಚ್ಚಲಿನದನ್ನೂ. "ಒಳಗೆ ಸೇರ್ಕೊಂಡು ಫೋನಲ್ಲಿ ಪಿಸಪಿಸ ಅಂತಾಳೆ" ಎಂದಳು. ಮಲಗುವಾಗ ಚಾಪೆಯನ್ನು ಮುಂಬಾಗಿಲಿಗೆ ಅಡ್ಡ ಹಾಸತೊಡಗಿದಳು. ಬೈಕಿನ ಕೀಲಿ ಅಪ್ಪನ ಉಡಿದಾರಕ್ಕೆ ಹೋಯಿತು. ಇಷ್ಟಕ್ಕೂ ಸಮತಾ ಒಂದು ಮಾತೂ ಎದುರಾಡಲಿಲ್ಲ. ತರಕಾರಿ ಹೆಚ್ಚುತ್ತ ಸುಮ್ಮನೆ ಕೂತಿದ್ದಳು. ಯೋಗರಾಜನಿಗೆ ಮೊದಲು ಅನುಮಾನ ಬಂದದ್ದೇ ಆ ಸುಮ್ಮನಿರುವಿಕೆಯಿಂದ. ತಪ್ಪು ಮಾಡದ ಹುಡುಗಿ ಜಗಳ ಆಡುತ್ತಾಳೆ.

"ನೀನೂ ಬಳಗಕ್ಕೆ ಬಾ ಅಣ್ಣ. ಹೊರಗಿನವರನ್ನೂ ಸೇರಿಸ್ಕೋತಾರೆ. ನೀನು ಬಂದ್ರೆ ತಾನೆ ಅಪ್ಪ ನನ್ನ ಕಳ್ಸೋದು" ಎಂದಳು.

ಹೋದ. ಜೈಲು ಕಾಯುವವನಿಗೂ ಜೈಲೇ ಮನೆ. ಬಸ್ಸಿನಲ್ಲಿ ಅವಳು ಅವನನ್ನು ಕಿಟಕಿಗೆ ಕೂರಿಸಿ ತಾನು ಹೊರಗಿನ ಸೀಟು ಹಿಡಿಯುತ್ತಿದ್ದಳು. ನಡುವೆ ಎಲ್ಲಾದರೂ ಇಳಿದುಬಿಟ್ಟಾಳೆಂದು ಅವನು ದಾರಿಯುದ್ದಕ್ಕೂ ಎಚ್ಚರವಾಗಿರುತ್ತಿದ್ದ. ಕಾಲೇಜಿನಲ್ಲಿ ಬಳಗ ಸೇರುವ ಕೋಣೆಯಲ್ಲಿ ನೀಲಿ ಜಮಖಾನ, ಗೋಡೆಯ ಮೇಲೆ 'ಈ ಕ್ಷಣದಲ್ಲಿರಿ' ಎಂಬ ಬರಹ. ಅವನಿಗೆ ಯಾವ ಕ್ಷಣದಲ್ಲೂ ಇರಲು ಮನಸ್ಸಿರಲಿಲ್ಲ. ಆದರೂ ಗಂಟೆಗೆ ಕಣ್ಣು ಮುಚ್ಚುತ್ತಿದ್ದ, ಗಂಟೆಗೆ ಬಿಡುತ್ತಿದ್ದ. ಅವನು ಬಿಡುವ ಹೊತ್ತಿಗೆ ಉಳಿದವರೆಲ್ಲ ಆಗಲೇ ಕಣ್ಣು ಬಿಟ್ಟು ನಗುತ್ತಿರುತ್ತಿದ್ದರು. ಅಭ್ಯಾಸಬಲ ಎಂದುಕೊಂಡಿದ್ದ.

ಕಳೆದ ಶನಿವಾರ ಕಾರಿಡಾರಿನ ತಿರುವಿನಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಸಮತಾ, ಗುರು ಮಾತಾಡುವುದು ಕೇಳಿಸಿತ್ತು.

"ಗಾಜನೂರು ಬೇಡ ಗುರು. ನಂಗೆ ಭಯ ಆಗುತ್ತೆ."

"ಎಷ್ಟು ದಿನ ಅಂತ ತಪ್ಪಿಸ್ಕೊಂಡು ತಿರುಗೋದು ಮಾರಾಯ್ತಿ? ಒಂದಿನ ಎದುರಿಸ್ಲೇಬೇಕಲ್ಲ. ನಾವೆಲ್ಲ ಇರ್ತೀವಿ."

"ಅಣ್ಣಂಗೆ ಗೊತ್ತಾಗ್ಬಿಟ್ರೆ?"

"ಅವರು ಕಣ್ಣು ಮುಚ್ಚಿರ್ತಾರಲ್ಲ."

ಯೋಗರಾಜ್ ಮನೆಯಲ್ಲಿ ಬಾಯಿ ಬಿಡಲಿಲ್ಲ. ಕೈಯಾರೆ ಹಿಡಿಯಬೇಕು. ಒಂದು ಕೆಲಸವನ್ನಾದರೂ ಮಗ ನೆಟ್ಟಗೆ ಮಾಡಿದ ಎಂದು ಅಪ್ಪ ಅನ್ನಬೇಕು. ಅವಳೂ ಹೋಗಿಬಿಟ್ಟರೆ ಆ ಮನೆಯಲ್ಲಿ ಅವನಿಗೆ ಇನ್ನೇನೂ ಉಳಿಯುತ್ತಿರಲಿಲ್ಲ.

ಇವತ್ತು ಆಲ್ಕೊಳ ಸರ್ಕಲ್ಲಿನಲ್ಲಿ ಗಾಜನೂರಿಗೆ ಹೊರಟ ಬಳಗದವರ ಟೆಂಪೊ ಹತ್ತಿದಾಗ ಒಳಗೆ ಹಾಡು, ಚುರುಮುರಿ, ಗಲಾಟೆ. ಹಿಂದಿನ ಸೀಟಿನಿಂದ ಪ್ರಿಯದರ್ಶಿನಿ ಎಂಬ ಹುಡುಗಿ ಕೇಳಿದಳು.

"ಅಣ್ಣ, ಈಜು ಬರುತ್ತಾ?"

"ಓ, ಚೆನ್ನಾಗಿ ಬರುತ್ತೆ. ಆವತ್ತು ಕಾಲು ಜಾರಿ ನಾಲೆಗೆ ಬಿದ್ದೆನಲ್ಲ, ಆಗ ಮಾತ್ರ ಮರೆತೇಹೋಗಿತ್ತು ನೋಡಿ. ಯಾರೋ ದನ ತೊಳೆಯೋರು ಜುಟ್ಟು ಹಿಡಿದು ಎಳ್ಕೊಂಡ್ರು."

ನಗಿಸಲೆಂದೇ ಹೇಳಿದ್ದ. ಟೆಂಪೊದಲ್ಲಿ ಒಬ್ಬರೂ ನಗಲಿಲ್ಲ. ಯಾರೋ ಹಾಡಿನ ಸದ್ದು ಜಾಸ್ತಿ ಮಾಡಿದರು.

ದಂಡೆಗೆ ಬಂದಾಗ ಗುರು ಅವನಿಗೆ ಮೇಲ್ಗಡೆಯ ಹೊಂಗೆ ಮರದ ಬುಡ ತೋರಿಸಿದ. "ನೀವು ದೊಡ್ಡೋರು, ನೆರಳಲ್ಲಿ ಕೂತ್ಕೊಳಿ." ಉಳಿದವರು ಕೆಳಗೆ, ಬಿಸಿಲಿನಲ್ಲಿ, ಅವನತ್ತ ಮುಖ ಮಾಡಿ ಅರ್ಧ ಬಳೆಯ ಹಾಗೆ ಕೂತರು.

"ಹೊಳೆ ನೋಡೋಕೆ ಬಂದು ಹೊಳೆಗೇ ಬೆನ್ನು ಹಾಕ್ತೀರಲ್ರೋ" ಎಂದು ಯೋಗರಾಜ್ ರೇಗಿಸಿದ.

"ಹೊಳೆ ಎಲ್ಲಿಗೂ ಹೋಗಲ್ಲ ಬಿಡಿ ಅಣ್ಣ" ಎಂದಳು ಪ್ರಿಯದರ್ಶಿನಿ.

ಈಗ ಕಣ್ಣ ಮುಂದೆ ಕೆಂಪು ಕತ್ತಲು. ಉಸಿರು ಒಳಗೆ, ಉಸಿರು ಹೊರಗೆ. ಎಲ್ಲೋ ಒಣಗಿದ ಎಲೆ ಸರಕ್ಕೆಂದಿತು. ಅವರಿಬ್ಬರೇ ಎದ್ದಿರಬೇಕು. ಇನ್ನೊಂದು ಉಸಿರಿಗೆ ಕಾದರೆ ದಂಡೆ ದಾಟಿ ರಸ್ತೆ ಸೇರಿರುತ್ತಾರೆ.

ಯೋಗರಾಜ್ ಕಣ್ಣು ಬಿಟ್ಟ.

ಸಮತಾ ಕೂತಲ್ಲೇ ಇದ್ದಳು. ಗುರುವೂ ಇದ್ದ. ಒಂದು ಗಳಿಗೆ ಮೈ ಹಗುರಾಯಿತು. ಆಮೇಲೆ ಅವಳ ಕಣ್ಣು ಕಂಡಿತು. ಅದು ತೆರೆದಿತ್ತು. ಗುರುವಿನದು, ಪ್ರಿಯದರ್ಶಿನಿಯದು, ಸಾಲಿನ ಕೊನೆಯ ಹುಡುಗನದು, ಎಲ್ಲರದೂ ತೆರೆದಿತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಭುಜಕ್ಕೆ ಭುಜ ತಾಗಿಸಿ, ಅವನಿಗೂ ನೀರಿಗೂ ನಡುವೆ ಬೇಲಿಯಂತೆ ಕೂತಿದ್ದರು. ಕಣ್ಣು ಮುಚ್ಚುತ್ತಿದ್ದವನು ಇಷ್ಟು ದಿನವೂ ಅವನೊಬ್ಬನೇ. ಬಿಚ್ಚಿಸಿದ ಚಿಲಕ, ಬಾಗಿಲಿಗೆ ಅಡ್ಡ ಹಾಸಿದ ಚಾಪೆ, ಅಪ್ಪನ ಉಡಿದಾರದ ಕೀಲಿ, ಯಾವುದೂ ಸಮತಾಳಿಗಾಗಿ ಆಗಿರಲಿಲ್ಲ.

ನಾಲೆಯಲ್ಲಿ ಕಾಲು ಜಾರಿತು ಎಂದು ಅವನು ಹೇಳಿದ್ದನ್ನು ಮನೆಯಲ್ಲಿ ಯಾರೂ ನಂಬಿರಲೇ ಇಲ್ಲ.