ಮೋಡೆಮ್ ಮೇಲಿನ ಟವೆಲು

ಅಣ್ಣ ಮತ್ತೆ ಇಂಟರ್ನೆಟ್ ಮೋಡೆಮ್ಮಿಗೆ ಟವೆಲು ಹೊದಿಸಿದ್ದನ್ನು ಕಂಡು ರಾಮರ್ ದಣಿದು ಕುರ್ಚಿಯಲ್ಲಿ ಕುಸಿದ. ಸರ್ಕಾರ ಅದರೊಳಗೆ ಕಿವಿ ಇಟ್ಟಿದೆಯೆಂದು ಬೋಡಿನಾಯಕನೂರು ಪೇಟೆಯಲ್ಲಿ ಯಾರೋ ಹೇಳಿದ್ದರಂತೆ.

“ಫೋನು ಕೆಟ್ರೆ ತಿರುಗಿ ನೋಡದ ಸರ್ಕಾರು, ನಮ್ಮ ಏಲಕ್ಕಿ ಬೆಲೆ ಕೇಳ್ತಾ ಕೂತಿರ್ತದಾ ಅಣ್ಣಾ? ಹೇಳಿ ಹೇಳಿ ಸಾಕಾಯ್ತು,” ಎಂದು ಟವೆಲು ಕಿತ್ತು ಹೆಗಲಿಗೆ ಹಾಕಿಕೊಂಡ.

ಅಷ್ಟರಲ್ಲಿ ದಲ್ಲಾಳಿ ಒಳಬಂದು, ಏಲಕ್ಕಿಯ ಮಾದರಿ ಮೂಸಿ, ಬೆಲೆ ಕೇಳಿದ. ರಾಮರ್ ಬಾಯಿ ತೆರೆಯಲಿಲ್ಲ. ಬೆಲೆ ಬೇರೆಯವರಿಗೆ ತಿಳಿಯಬಾರದೆಂದು ಅಪ್ಪ ಕಲಿಸಿದಂತೆ ದಲ್ಲಾಳಿಯ ಕೈ ಹಿಡಿದು, ಮೇಲೆ ಟವೆಲು ಮುಚ್ಚಿ, ಅದರಡಿಯಲ್ಲಿ ಬೆರಳು ಒತ್ತಿ ಬೆಲೆ ಹೇಳತೊಡಗಿದ. ಮನೆಯಲ್ಲಿ ಆ ಮೂವರನ್ನು ಬಿಟ್ಟು ಇನ್ಯಾರೂ ಇರಲಿಲ್ಲ.

ಅಣ್ಣ ಮೋಡೆಮ್ಮನ್ನು ನೋಡಿದ, ಟವೆಲನ್ನು ನೋಡಿದ.

“ಬಾಯ್ಬಿಟ್ಟೇ ಹೇಳು ತಂಬಿ,” ಎಂದ. “ಯಾರು ಕೇಳ್ತಾರೆ?”