ಮಂಜನ ಹೆಂಡತಿ

ಚಂದ್ರನ ಗಣಿಯಲ್ಲಿ ರಷ್ಯದವರೆಲ್ಲ ಇವಾನ್, ನೇಪಾಳದವರೆಲ್ಲ ಬಹಾದ್ದೂರ್, ಕನ್ನಡದವರೆಲ್ಲ ಮಂಜ. ಸುರಂಗ ಕುಸಿದ ದಿನ ನೀಲವ್ವ ಗೇಟಿಗೆ ಓಡಿ ಬಂದಳು.

“ಒಬ್ಬ ಮಂಜ ಸತ್ತಾನಬೇ,” ಎಂದ ಮೇಸ್ತ್ರಿ. “ನಿನ್ನ ಗಂಡನ ಖರೇ ಹೆಸರು ಹೇಳು. ಉಳಿದವರೊಳಗ ಕೂಗಿ ನೋಡ್ತೀನಿ.”

ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಿಗೆ ತರದಿದ್ದ ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಫಕೀರಪ್ಪ,” ಎಂದಳು.

ಮೇಸ್ತ್ರಿ ಗಂಟಲು ಹರಿಯುವಂತೆ ಕೂಗಿದ. ಯಾರೂ ಓ ಅನ್ನಲಿಲ್ಲ.

“ಸತ್ತಾಂವ ಅವನೇ. ಗಂಡಿಲ್ಲದೋರಿಗೆ ಇಲ್ಲಿ ಜಾಗಿಲ್ಲ, ನಡಿ,” ಎಂದು ಬಳೆ ಒಡೆಸಿ, ಭೂಮಿಗೆ ಹೊರಟಿದ್ದ ನೌಕೆಯೊಳಕ್ಕೆ ಅವಳನ್ನು ದಬ್ಬಿದ.

ಇತ್ತ ಗಣಿಯೊಳಗೆ, ವರ್ಷಗಟ್ಟಲೆ ಬರೀ ಮಂಜನಾಗಿ ಬದುಕಿದ್ದ ಅವಳ ಗಂಡ ಗಂಜಿ ಕುಡಿಯುತ್ತ ಪಕ್ಕದವನನ್ನು ಕೇಳಿದ: “ಫಕೀರಪ್ಪ ಅಂದ್ರ ಯಾರೋ ಮಂಜ? ಪಾಪ, ಅವಗ ಹೆಂಡ್ತಿ ಇದ್ದಳೇನು?”