ಹಿಡಿ ಗೊಬ್ಬರ ಹೊರಗೆ ಹೋಗದ ಮನೆ

ಅರವತ್ತೊಂದನೆಯ ನಮಸ್ಕಾರಕ್ಕೆ ಹಣೆ ನೆಲ ಮುಟ್ಟಿದಾಗ ದಾಲ್ಸುವಿನ ಹೊಟ್ಟೆ ಒಮ್ಮೆ ಗುಡುಗಿತು. ಬುದ್ಧನ ಮುಂದಿನ ಮೇಣದಬತ್ತಿ ಅಲುಗಲಿಲ್ಲ. ಪಕ್ಕದಲ್ಲಿ ಜಪಮಣಿ ಎಣಿಸುತ್ತ ಕುಳಿತಿದ್ದ ಹೆಂಡತಿ ಒಕ್‌ಬುನ್ ಮಾತ್ರ ಒಂದು ಕಣ್ಣು ತೆರೆದಳು.

“ಏನ್ರೀ ಅದು?”

“ಬೆಳಗಿನ ಗೆಣಸು.”

“ನಾಲ್ಕು ತಿನ್ನಬೇಡಿ ಅಂತ ಬಡ್ಕೊಂಡೆ. ಮುಗಿಸಿದ ಮೇಲೆ ಹೋಗಿಬನ್ನಿ, ಪಾಯಿಖಾನೆ ಗುಡಿ ಹಿಂದೇನೇ ಇದೆ.”

“ಇಲ್ಲಿಯಾ? ಈ ಗುಡಿಯವರ ಮೂಲಂಗಿ ಪಾತಿಗೆ ಹಾಕೋಕೆ ನನಗೇನು ತಲೆ ಕೆಟ್ಟಿದೆಯಾ?”

ಕಣಿವೆಯ ಕೆಳಗಿನ ಅವರ ಮನೆಗೆ ಕರೆಂಟಿನ ತಂತಿ ಇರಲಿಲ್ಲ, ನಲ್ಲಿ ಇರಲಿಲ್ಲ. ಅವು ಬರಬಾರದೆಂದೇ ದಾಲ್ಸು ಅಲ್ಲಿ ಮನೆ ಕಟ್ಟಿದ್ದ. ಬಿಸಿಲಿನಿಂದ ಒಂದು ದೀಪ, ಬಂಡೆಯ ಒರತೆಯಿಂದ ನೀರು. ಒಲೆಯ ಬೆಂಕಿ ಅನ್ನ ಬೇಯಿಸಿ, ಅದರ ಬಿಸಿ ಹೊಗೆ ಮಲಗುವ ನೆಲದಡಿ ಹರಿದು ಬೆನ್ನು ಬೆಚ್ಚಗಾಗಿಸಿ, ಕೊನೆಗೆ ಉಳಿದ ಬೂದಿ ಪಾಯಿಖಾನೆಗೆ ಹೋಗುತ್ತಿತ್ತು. ಪಾಯಿಖಾನೆಯದು ಗೊಬ್ಬರದ ಗುಂಡಿಗೆ, ಗುಂಡಿಯದು ಮೂಲಂಗಿಗೆ, ಮೂಲಂಗಿ ಮತ್ತೆ ದಾಲ್ಸುವಿನ ಹೊಟ್ಟೆಗೆ. ಹನ್ನೆರಡು ವರ್ಷದಲ್ಲಿ ಈ ಸುತ್ತಿನಿಂದ ಒಂದು ಹಿಡಿ ಹೊರಗೆ ಹೋದದ್ದಿಲ್ಲ. ತಮ್ಮನ ಮಗಳ ಮದುವೆಯಲ್ಲಿ ಊಟದ ನಡುವೆ ಎದ್ದು ಬಸ್ಸು ಹಿಡಿದು ಮನೆಗೆ ಓಡಿಬಂದವನು ಅವನು. ತನ್ನ ಮನೆಗೆ ಬಂದ ನೆಂಟರನ್ನು ಮಾತ್ರ ಬಾರ್ಲಿ ನೀರಿನ ಮೇಲೆ ಬಾರ್ಲಿ ನೀರು ಕುಡಿಸಿ, ಆ ಕೆಲಸ ಆಗುವ ತನಕ ಹೊರಡಲು ಬಿಡುತ್ತಿರಲಿಲ್ಲ.

“ಉಳಿದ ನಮಸ್ಕಾರ ಮನೆಗೆ ಹೋಗಿ ಹಾಕಲಾ?” ಅರವತ್ತೆಂಟರಲ್ಲಿ ಅವನು ಕೇಳಿದ.

“ಆಯ್ತು. ಆದ್ರೆ ನಡುವೆ ಎದ್ದರೆ ಮತ್ತೆ ಒಂದರಿಂದ ಶುರು. ನನ್ನ ಮೊಣಕಾಲು ವಾಸಿಯಾಗಲಿ ಅಂತ ನೂರೆಂಟು ಹಾಕಿಸೋ ಹರಕೆ ಹೊತ್ತಿದೀನಿ.”

“ಮೊಣಕಾಲು ನಿಂದು, ಹರಕೆ ನಿಂದು. ಬಗ್ಗೋದು ಮಾತ್ರ ನಾನು.”

“ಬಗ್ಗೋ ಹಾಗಿದ್ದಿದ್ರೆ ಹರಕೆ ಯಾಕೆ ಹೊರ್ತಿದ್ದೆ? ಅರವತ್ತೊಂಬತ್ತು.”

ಅಷ್ಟು ಮೆಲ್ಲಗೆ, ಅಷ್ಟು ಜಾಗ್ರತೆಯಿಂದ, ಮೈಯ ಒಂದೊಂದು ಕೀಲಿನ ಮೇಲೂ ಗಮನವಿಟ್ಟು ಬಾಗಿ ಏಳುವ ಭಕ್ತನನ್ನು ಆ ಗುಡಿ ನೋಡಿರಲಿಲ್ಲ. ಅಂಗಳ ಗುಡಿಸುತ್ತಿದ್ದ ಮುದಿ ಭಿಕ್ಷುಣಿ ಹ್ಯೇವನ್ ಬಾಗಿಲಲ್ಲಿ ನಿಂತು ನೋಡಿ, ಕೈ ಜೋಡಿಸಿ, ಸದ್ದಿಲ್ಲದೆ ಮತ್ತೆ ಪೊರಕೆ ಹಿಡಿದರು. ನೂರೆಂಟು ಮುಗಿದಾಗ ದಾಲ್ಸುವಿನ ಹಣೆಯ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

“ಊಟ ಮಾಡ್ಕೊಂಡು ಹೋಗಪ್ಪಾ. ಸೋಯಾ ಮೊಳಕೆ ಸಾರು ಮಾಡಿದೀವಿ,” ಎಂದರು ಹ್ಯೇವನ್.

“ಇನ್ನೊಂದು ದಿನ ಬರ್ತೀನಿ, ಅಮ್ಮಾ,” ಎಂದ ದಾಲ್ಸು, ತುಟಿಯನ್ನಷ್ಟೇ ಅಲ್ಲಾಡಿಸಿ. ಗಟ್ಟಿಯಾಗಿ ಮಾತಾಡುವ ಸ್ಥಿತಿ ಅವನದಾಗಿರಲಿಲ್ಲ.

ಮನೆಗೆ ನಲವತ್ತು ನಿಮಿಷದ ಇಳಿಜಾರು. ತುಂಬಿದ ಕೊಡ ಹೊತ್ತವನಂತೆ ಅವನು ಇಳಿದ. ಹಳ್ಳದ ದಾಟುಗಲ್ಲುಗಳ ತನಕ ಮಾನ ಉಳಿಯಿತು. ಮೊದಲನೆಯ ಕಲ್ಲಿಗೆ ಕಾಲು ನೀಡಬೇಕು, ಆ ಕಾಲು ಅಗಲಿಸುವುದೇ ಅಪಾಯವೆಂದು ಅವನಿಗೆ ಹೊಳೆಯಿತು.

“ಆ ಪೊದೆ ಹಿಂದೆ ಕೂತ್ಕೊಳ್ರೀ,” ಎಂದಳು ಒಕ್‌ಬುನ್.

“ಪೊದೆಗೆ? ಯಾರ ಬಾಯಿಗೂ ಇಲ್ದೆ ಹಾಳು ಮಾಡು ಅಂತೀಯಾ?”

“ಹಾಗಾದ್ರೆ ದಾಟಿ.”

ಅವನು ಕಲ್ಲನ್ನು ನೋಡಿದ, ನೀರನ್ನು ನೋಡಿದ, ಮೇಲೆ ಗುಡಿಯ ಹೆಂಚನ್ನು ನೋಡಿದ. ಪೊದೆಗೆ ಹೋದರೆ ಹಾಳು. ಗುಡಿಗೆ ಹೋದರೆ ನಷ್ಟವಾದರೂ ಮೂಲಂಗಿಗೆ ಸೇರುತ್ತದೆ. ತಿರುಗಿ ಹತ್ತತೊಡಗಿದ. ಹತ್ತುವಾಗ ಅವನು ಬುದ್ಧನನ್ನು ಕರೆದಷ್ಟು ಆರ್ತನಾಗಿ ನೂರೆಂಟು ನಮಸ್ಕಾರದಲ್ಲಿ ಒಮ್ಮೆಯೂ ಕರೆದಿರಲಿಲ್ಲ.

ಹ್ಯೇವನ್ ಅವನ ನಡಿಗೆಯನ್ನು ದೂರದಿಂದಲೇ ಕಂಡು ಪೊರಕೆಯ ಹಿಡಿಯನ್ನು ಗುಡಿಯ ಹಿಂದಕ್ಕೆ ಚಾಚಿದರು. ಗುಡ್ಡದ ಅಂಚಿಗೆ ಕಟ್ಟಿದ ಎತ್ತರದ ಮರದ ಪಾಯಿಖಾನೆ. ಆ ನಾಡಿನ ಎಲ್ಲ ಬೌದ್ಧ ಗುಡಿಗಳಲ್ಲಿರುವಂತೆ ಅದರ ಬಾಗಿಲ ಮೇಲೂ ‘ಚಿಂತೆ ಕಳೆಯುವ ಮನೆ’ ಎಂದು ಬರೆದಿತ್ತು. ದಾಲ್ಸು ಓದಲು ನಿಲ್ಲಲಿಲ್ಲ.

ಬಹಳ ಹೊತ್ತಿನ ಮೇಲೆ ಹೊರಬಂದಾಗ ಅವನ ಮುಖ ಆಗಷ್ಟೇ ಮಿಂದ ಮಗುವಿನ ಮುಖದಂತಿತ್ತು. ಗಾಳಿ ತಂಪಾಗಿತ್ತು. ಮರದ ಮೇಲೆ ಹಕ್ಕಿಯೊಂದು ಕೂಗುತ್ತಿತ್ತು. ಅದನ್ನು ಕೇಳಿ ಅವನು ನಕ್ಕ. ಒಕ್‌ಬುನ್‌ಗೆ ಆಶ್ಚರ್ಯವಾಯಿತು, ಗಂಡ ಹಕ್ಕಿಗೆ ನಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಆದರೆ ಹತ್ತು ಹೆಜ್ಜೆ ಹೋಗುವುದರೊಳಗೆ ಅವನ ಹುಬ್ಬು ಗಂಟಿಕ್ಕಿತು. ನಿಂತ. ತಿರುಗಿದ.

“ಅಮ್ಮಾ, ತಪ್ಪು ತಿಳೀಬೇಡಿ. ಒಂದು ಬಕೆಟ್ ಸಿಗುತ್ತಾ?”

“ಅಯ್ಯೋ ರೀ!” ಒಕ್‌ಬುನ್ ಮುಖವನ್ನು ಎರಡು ಕೈಯಿಂದ ಮುಚ್ಚಿಕೊಂಡಳು.

ಹ್ಯೇವನ್ ನಗಲಿಲ್ಲ, ಬೈಯಲೂ ಇಲ್ಲ. ಬಕೆಟ್ ತಂದರು, ಉದ್ದ ಹಿಡಿಯ ಸೌಟನ್ನೂ ತಂದರು. ಅವನನ್ನು ಪಾಯಿಖಾನೆಯ ಕೆಳಗಿನ ಹಿಂಬಾಗಿಲಿಗೆ ಕರೆದೊಯ್ದು ಅಗಳಿ ಸರಿಸಿದರು. ಒಳಗೆ ಐದು ಭಿಕ್ಷುಣಿಯರದು, ಹಬ್ಬಕ್ಕೆ ಬಂದುಹೋದ ಮುನ್ನೂರು ಜನರದು, ಬೂದಿ ತರಗೆಲೆಗಳ ಜೊತೆ ಒಂದಾಗಿ ಸಣ್ಣಗೆ ಹಬೆಯಾಡುತ್ತಿತ್ತು.

“ತಗೊಂಡು ಹೋಗಪ್ಪಾ,” ಎಂದರು ಶಾಂತವಾಗಿ. “ಆದರೆ ಹುಷಾರು, ಬುದ್ಧನ ಮನೆ ಇದು. ನಿನ್ನದು ಎಷ್ಟೋ ಅಷ್ಟೇ ತೆಗಿ. ಬೇರೆಯವರದು ಒಂದು ಚಮಚ ಬಂದರೂ ಕಳ್ಳತನ ಆಗುತ್ತೆ.”